ಮೈಲಿಗೆ ಐದಾಣೆ ಗಾಡಿ

೧೯೬೨ ಏಪ್ರಿಲ್ ೨, ಸೋಮವಾರ. ಇಚಲಕರಂಜಿ

ಜ್ವಾಳ ಹಸನ ಮಾಡಿದೆ. ಮೊಣಕಾಲ ನೋವು ಇದ್ದಂಗ ಐತಿ. ಮಧ್ಯಾಹ್ನ ಮಗ ಬಸಗೊಂಡ ಕಬನೂರಿನ ಮಗ್ಗದ ಶೆಡ್ಡಿನಿಂದ ಬಂದು ಊಟಕ್ಕ ಕುಂತಾಂವ ಅಂತಾನ — ಅವ್ವಾ, ಯುಗಾದಿ ಆದಮ್ಯಾಲ ಎಲ್ಲಾರೂ ಫಾರಿನ್ನಿಗೆ ಹೋಗೂಣು.

ಎಲ್ಲೀ ಫಾರಿನ್ನೋ ಅಂದೆ. ಗೋವಾ ಅಂದ.

ಮೊನ್ನಿ ಡಿಸೆಂಬರ್ ತನಕ ಫಿರಂಗ್ಯಾರದಿತ್ತು. ಈಗ ನಮ್ದಂತ. ನಮ್ದಾದ್ರ ಹೋಗಾಕ ಪರ್ಮಿಟ್ ಯಾಕ ಬೇಕು? ಸೊಸಿ ತಾರವ್ವಗ ನಾಯ್ಲಾನ್ ಸೀರಿ ಬೇಕು. ಮೊಮ್ಮಗಳು ಬಾಳಕ್ಕಗ ಸಮುದ್ರ ನೋಡಬೇಕು. ನನಗೇನು ಬೇಕು ಯಾರೂ ಕೇಳ್ಲಿಲ್ಲ.

ಗೋವಾ ಅಂದ್ರ ಆಂಬೋಲಿ ಘಾಟ ಇಳೀಬೇಕು. ಆ ಮಾತ ಯಾರೂ ತಗೀವಲ್ರು. ಅರ್ಧ ಊಟಕ್ಕ ಎದ್ದೆ.

ಏಪ್ರಿಲ್ ೪, ಬುಧವಾರ

ಅಮಾಸಿ. ಪ್ಯಾಟಿ ಅಪ್ಪಣ್ಣ ಬಂದಿದ್ದ, ಗಾಡಿ ಮಾತಾಡಾಕ. ಹೊಸಾ ಅಂಬಾಸಿಡರ್ ಐತಿ ಅವಂದು. ಮೈಲಿಗೆ ಎಂಟಾಣೆ, ಡ್ರೈವರನ ಊಟ ಬ್ಯಾರೆ, ರಾತ್ರಿ ನಿಂತ್ರ ಅದಕ್ಕ ಬ್ಯಾರೆ.

"ಗಾಡಿ ಮಲಗಿದ್ದಕ್ಕೂ ರೊಕ್ಕ ಏನೋ? ನಾನೂ ದಿನಾ ಮಲಗತೇನಿ, ನನಗ್ಯಾರೂ ಕೊಡವಲ್ರು."

"ಘಾಟ ಐತ್ರಿ ಕಾಕು. ಗಾಡಿ ಹಣ್ಣಾಗತೈತಿ."

"ಹಣ್ಣಾದ್ರ ಬುಟ್ಟ್ಯಾಗ ಇಟ್ಟು ಮಾರ್ಕೋ."

ಚಹಾ ಅರ್ಧ ಬಿಟ್ಟು ಎದ್ದು ಹೋದ. ಬಸಗೊಂಡ ನಗತಾನ, ಅವ್ವ ಇದ್ರ ವಕೀಲ ಬ್ಯಾಡ ಅಂತ. ಅವಗೇನು ಗೊತ್ತು. ಎಂಟಾಣೆಕ್ಕ ಬೈದಿಲ್ಲ ನಾ. ಗಾಡೀನ ಸಿಗದಿದ್ರ ಘಾಟೂ ಇಲ್ಲ — ಅದಕ್ಕ ಬೈದೆ. ಇವತ್ತು ಚೊಲೋ ನಿದ್ದಿ ಬರತೈತಿ.

ಏಪ್ರಿಲ್ ೮, ರವಿವಾರ

ಎಡವಟ್ಟಾತು. ಬಸಗೊಂಡ ಬ್ಯಾರೇ ಗಾಡಿ ಹುಡಿಕ್ಯಾನ. ಕೊಲ್ಲಾಪುರದ ತಾನಾಜಿ ಅಂಬಾವಂದು. ಮೈಲಿಗೆ ಐದಾಣೆ. ಊಟ ನಮ್ಮ ಜೋಡೀನ, ರಾತ್ರಿ ಗಾಡ್ಯಾಗ ಮಲಗತಾನಂತ. "ನೋಡವ್ವಾ, ನೀ ಬೈದಿದ್ದಕ್ಕ ಸೋವಿ ಸಿಕ್ತು" ಅಂತಾನ ನನ್ನ ಮಗ.

ಬಾಗಲಿಗೆ ತಂದು ತೋರಿಸಿದ. ಕರೇದು, ಉದ್ದಂದು. ಕೆಸರಾಗ ಕುಂತ ಎಮ್ಮಿಹಂಗ ಒಂದ ಕಡೆ ವಾಲೇತಿ. ಹಿಂದಿನ ಬಾಗಲಾ ಹಗ್ಗದಲೇ ಬಿಗದಾನ. ಹಾರ್ನ್ ಒಂದು ಭಾರಿ ಐತಿ. ಬಾಳಕ್ಕ ಪೋಂ ಪೋಂ ಅಂತ ಒತ್ತೇ ಒತ್ತಿದಳು.

ಗಾಲಿಗೆ ನೀರು ಹಾಕಾಕ ಚರಿಗಿ ಹಿಡಕೊಂಡು ಹೊರಗ ಬಂದೆ. ತಾನಾಜಿ ಸೈಕಲ್ ಅಂಗಡಿಯವನ ಮುಂದ ಹೇಳಾಕತ್ತಿದ್ದ —

"ಪೆಟ್ರೋಲ್ ಫಾರ್ ಲಾಗತ್ ನಾಹೀ. ಘಾಟಾತ್ ಬ್ರೇಕ್ ಪಣ ಲಾಗತ್ ನಾಹೀ."

ಚರಿಗಿ ವಾಲ್ತು. ಅರ್ಧ ನೀರು ನನ್ನ ಕಾಲ ಮ್ಯಾಲ.

ಬಸಗೊಂಡಗ ಹೇಳಿದೆ. ನಕ್ಕ. "ಅವ್ವಾ, ಪೆಟ್ರೋಲ್ ಭಾಳ ಬೇಕಾಗಂಗಿಲ್ಲ, ಘಾಟದಾಗ ಬ್ರೇಕೂ ಬೇಕಾಗಂಗಿಲ್ಲ ಅಂದಾನ. ಗೇರದಾಗ ಹಾಕಿ ಸಾವಕಾಶ ಇಳಸ್ತಾರ."

ನನಗ ಮರಾಠಿ ಅರಧಾ ಬರತೈತಿ, ಖರೆ. ಆದ್ರ ಲಾಗತ್ ನಾಹೀ ಅಂದ್ರ ನಮ್ಮ ಹತ್ತಂಗಿಲ್ಲ ಇದ್ದಂಗ. ಬೇಕಾಗಂಗಿಲ್ಲ ಅಂತನೂ ಆತು. ಹಿಡಿಯಂಗಿಲ್ಲ ಅಂತನೂ ಆತು. ಆಂವ ಯಾವದು ಅಂದ?

ಏಪ್ರಿಲ್ ೧೩, ಶುಕ್ರವಾರ

ಇಷ್ಟ ದಿನಾ ಬರಿಯಾಕ ಕೈ ಏಳಲಿಲ್ಲ. ಕಣ್ಣ ಮುಚ್ಚಿದ್ರ ಇಳಕಲ.

ಇವತ್ತ ನಾನಾಗೇ ಅಪ್ಪಣ್ಣನ ಮನಿಗೆ ಹೋದೆ. ಆಂವ ಇರಲಿಲ್ಲ, ಹೇಣ್ತಿ ಹಾಲವ್ವ ಇದ್ದಳು. ಎಂಟಲ್ಲ, ಹತ್ತಾಣೆ ಕೊಡತೇವು, ಗಾಡಿ ಕೊಡ್ರಿ ಅಂದೆ. ಇಡೀ ಜನ್ಮದಾಗ ಯಾರಿಗೂ ಹಿಂಗ ಅಂದಿರಲಿಲ್ಲ.

ಆಕಿ ತಣ್ಣಗ ಅಂತಾಳ — "ಗಾಡಿ ಹಣ್ಣಾಗೇತ್ರಿ ಕಾಕು. ಬುಟ್ಟ್ಯಾಗ ಇಟ್ಕೊಂಡು ಮಾರಾಕ ಹೋಗ್ಯಾರ."

ಮಿರಜದಾಗ ಲಗ್ನಕ್ಕ ಕೊಟ್ಟಾರಂತ, ವಾರದ ತನಕ ಬರಂಗಿಲ್ಲ. ನನ್ನ ಮಾತ ನನಗ ತಿನ್ನಿಸಿ ಮ್ಯಾಲ ಸಕ್ಕರಿ ಕೊಟ್ಟಳು. ತಿಂದು ಬಂದೆ.

ನಾ ಬರಂಗಿಲ್ಲ ಅನ್ನಬಹುದು. ಆದ್ರ ಅವರನ್ನ ಕಳಿಸಿ ಮನ್ಯಾಗ ಹೆಂಗ ಕುಂಡ್ರಲಿ? ಜೋಡೀನ ಹೋಗತೇನಿ.

ಏಪ್ರಿಲ್ ೧೬, ಸೋಮವಾರ. ಗಡಹಿಂಗ್ಲಜ, ತಂಗಿ ಯಮುನವ್ವನ ಮನಿ

ಇಲ್ಲಿ ಮಟ ಬಂದೇವಿ. ಹಾದಿ ಎಲ್ಲಾ ಸಪಾಟು, ಆದ್ರೂ ಕೈಯಾಗಿನ ಲಿಂಗ ಬಿಡ್ಲಿಲ್ಲ. ಒಂದ ನೋಡಿದೆ. ಈ ತಾನಾಜಿ ಗಾಡಿ ನಿಲ್ಲಸೂ ಮುಂದ ಹಾದಿ ಬಾಜೂದ ಮಣ್ಣಿನ ದಿಬ್ಬಕ್ಕ ಗಾಲಿ ಹಚ್ಚತಾನ. ಸಂಕೇಶ್ವರದಾಗೂ ಹಂಗ, ಇಲ್ಲೂ ಹಂಗ. ಯಾಕೋ ಅಂದ್ರ ರೂಢಿ ಅಂತಾನ.

ಸಂಜೀಕ ಹಿಡದು ಕೇಳಿದೆ. ಬ್ರೇಕ್ ಲಾಗತ್ ನಾಹೀ ಅಂದ್ಯಲ್ಲ, ಅಂದ್ರ ಏನು? ಹಲ್ಲ ಕಿಸದು ಅಂತಾನ, "ಆಜೀ, ಲಾಗತ್ ನಾಹೀ ಮ್ಹಣಜೇ ಲಾಗತ್ ನಾಹೀ." ಹತ್ತಂಗಿಲ್ಲ ಅಂದ್ರ ಹತ್ತಂಗಿಲ್ಲಂತ.

ನಮ್ಮಪ್ಪ ಹಲಕರ್ಣಿಯಿಂದ ಬೆಲ್ಲದ ಚಕ್ಕಡಿ ಹೂಡಕೊಂಡು ಇದೇ ಘಾಟ ಇಳಿತಿದ್ದ. ಘಾಟದ ಮ್ಯಾಲ ಬಂದಕೂಡ್ಲೇ ಹೆಣ್ಮಕ್ಕಳು ಕೂಸುಗಳು ಇಳದು ನಡಕೊಂತ ಬರೂದು. ಚಕ್ಕಡಿ ಬ್ಯಾರೆ, ಜೀವಾ ಬ್ಯಾರೆ. ಅದು ಪದ್ಧತಿ. ಊಟಕ್ಕ ಕುಂತಾಗ ಹೇಳಿದೆ, ನಾಳೆ ನಾವೂ ನಡದು ಇಳಿಯೂಣು.

"ಕಟ್ಟೀ ಇಳಿಯಾಕ ಗ್ವಾಡಿ ಹಿಡಿತೀ ಅವ್ವಾ, ಘಾಟ ಇಳಿತಿ?" ಅಂದ ಬಸಗೊಂಡ. ಎಲ್ಲಾರೂ ನಕ್ಕರು. ಯಮುನವ್ವನೂ.

ನಗಲಿ. ನಾಳೆ ಇಳಸ್ತೇನಿ. ಹೆಂಗಂತ ಗೊತ್ತೈತಿ ನನಗ.

ಏಪ್ರಿಲ್ ೧೭, ಮಂಗಳವಾರ. ಆಂಬೋಲಿ, ಘಾಟದ ಮ್ಯಾಲ. ಹತ್ತೂವರಿ ಆಗಿರಬೇಕು

ಚಹಾದ ಅಂಗಡಿ ಬಾಕದ ಮ್ಯಾಲ ಕುಂತೇನಿ. ಬರೀತೇನಿ, ಇಲ್ಲಾಂದ್ರ ಹಾದೀನ ನೋಡಕೋತ ಕುಂಡ್ರಬೇಕು. ತಾರವ್ವ ನಾ ಶಿವನಾಮ ಬರಿಯಾಕತ್ತೇನಿ ಅಂದ್ಕೊಂಡಾಳ.

ಘಾಟ ಕಾಣಸೂ ಹೊತ್ತಿಗೆ ಹೊಟ್ಟಿ ಹಿಡಕೊಂಡು ಒದರಿದೆ. ಗಾಡಿ ನಿಂತ್ತು, ದಿಬ್ಬಕ್ಕ ಗಾಲಿ ಹಚ್ಚೇ ನಿಂತ್ತು. ಎಲ್ಲಾರೂ ಇಳದರು. ಇನ್ನ ಹತ್ತಂಗಿಲ್ಲ, ಗಾಡ್ಯಾಗ ಕುಂತ್ರ ಇಲ್ಲೇ ಸಾಯತೇನಿ ಅಂದೆ. ಸಂಜೀ ತನಕ ನರಳಿದ್ರ ಬಸ್ಸಿನಾಗ ಹಿಂದಕ್ಕ ಕರಕೊಂಡ ಹೋಗತಾರ — ಇಷ್ಟ ನನ್ನ ಲೆಕ್ಕ.

ಬಸಗೊಂಡನ ಮಾರಿ ಬೆಳ್ಳಗಾತು. ಸಣ್ಣಾಂವಿದ್ದಾಗ ಜ್ವರ ಬಂದ್ರ ಆಗತಿತ್ತಲ್ಲ, ಹಂಗ. ಇಲ್ಲಿ ಡಾಕ್ಟರ ಅದಾರೇನು ಅಂತ ಅಂಗಡಿಯವನ್ನ ಕೇಳಿದ. ಇದ್ದಾಂವ ಊರಿಗೆ ಹೋಗ್ಯಾನಂತ. ಕೆಳಗ ಸಾವಂತವಾಡಿಗೇ ಹೋಗಿ ಡಾಕ್ಟರನ್ನ ಕರಕೊಂಡ ಬರಬೇಕು.

"ತಾನಾಜಿ, ಚಲ್. ಲೌಕರ್, ಲಗೂ."

ಆಗ ಎದ್ದ ನಿಂತೆ. "ಬ್ಯಾಡೋ, ನನಗೇನೂ ಆಗಿಲ್ಲ. ಸುಳ್ಳ ಒದರಿದೆ."

ನನ್ನ ಭುಜಾ ಹಿಡದು ಕುಂಡ್ರಿಸಿದ. "ರೊಕ್ಕಕ್ಕ ಹೆದರಬ್ಯಾಡ ಅವ್ವಾ. ಡಾಕ್ಟರಗ ನಾ ಕೊಡತೇನಿ. ನೀ ಚೌಕಾಸಿ ಮಾಡಬ್ಯಾಡ, ಸುಮ್ನ ಮಲಕೋ."

"ಖರೇನ ಏನೂ ಆಗಿಲ್ಲೋ ಬಸ್ಯಾ."

ತಾರವ್ವಗ ಅಂದ — ಇಕಿ ಮಾತ ಕೇಳಬ್ಯಾಡ, ಇಕಿ ಸಾಯೂ ಮುಂದನೂ ಎಂಟಾಣೆ ಉಳಸಾಕಿ. ಓಡಿ ಹೋಗಿ ಮುಂದ ಕುಂತ. ದಿಬ್ಬದಿಂದ ಗಾಲಿ ಬಿಡಿಸಿದ್ರು. ಹೋತು.

ಪ್ರತಿ ತಿರುವಿಗೂ ಹಾರ್ನ್ ಹೊಡಿತಾನ. ಇಲ್ಲಿ ಮಟ ಕೇಳಸ್ತೈತಿ. ಬಾಳಕ್ಕ ಕಟ್ಟೀ ಮ್ಯಾಲ ನಿಂತು ಪ್ರತಿಯೊಂದಕ್ಕೂ ತಾನೂ ಪೋಂ ಅಂತಾಳ. ಕೇಳಿದಾಗೊಮ್ಮೆ ನಂದು ಉಸರು ಬರತೈತಿ.

ತಾರವ್ವ ಲಿಂಬಿಹಣ್ಣಿನ ನೀರು ತಂದಾಳ. ಕುಡೀರಿ ಅತ್ತಿ ಅಂತಾಳ. ಆಕಿ ಮಾರಿ ನೋಡಾಕ ಆಗವಲ್ದು.

ಮತ್ತ ಕೇಳಿಸ್ತು. ಹಗೂರಾಗೇತಿ. ದೂರ ಹೋದ್ರ ಹಗೂರ ಆಗಬೇಕು, ಅದು ಚೊಲೋದ.

ಮತ್ತೊಂದು. ಮೊದಲಿಗಿಂತ ಲಗೂನ ಬಂತು.

ಮತ್ತೊಂದು. ಇನ್ನೂ ಲಗೂನ. ತಿರುವು ಇಷ್ಟ ಹಂತೇಲಿ ಅದಾವೇನು?

ಈಗ ಒಂದ ಸವನ ಹೊಡಿಯಾಕತ್ತಾನ. ಬಿಡವಲ್ಲ. ಬಾಳಕ್ಕಗ ಪೋಂ ಅಂದು ಅಂದು ಉಸರ ಹತ್ತೇತಿ. ನಗಾಕತ್ತಾಳ.

ನಿಂತ್ತು.

"ಆಯೀ, ಗಾಡಿ ಮಾಮಾ ಯಾಕ ಪೋಂ ಅನ್ನವಲ್ಲ?"

ಸಪಾಟು ಬಂದಿರಬೇಕವ್ವಾ ಅಂದೆ. ಹಾರ್ನ್ ಬೇಕಾಗಂಗಿಲ್ಲ ಅಲ್ಲಿ.

ಅಂಗಡಿಯಾಂವ ಚಹಾದ ಕಪ್ಪು ಕೆಳಗಿಟ್ಟು ಹಾದಿಗೆ ಹೋಗಿ ಕೆಳಗ ಬಗ್ಗಿ ನೋಡಾಕತ್ತಾನ. ತಾರವ್ವನೂ. ಯಾರೂ ನನ್ನ ಕಡೆ ನೋಡವಲ್ರು.