ಸೊಪ್ಪಿನ ಹೊರೆ

ಚಿಕ್ಕವೆಂಕಟಮ್ಮಕ್ಕ,

ನೀನು ಸತ್ತು ಆರು ವರ್ಷವಾಯಿತು, ಆದರೂ ಇದನ್ನು ಬೇರೆ ಯಾರಿಗೆ ಹೇಳಲಿ. ಆಗ ನಮ್ಮ ಗಂಡಂದಿರು ಒಡಹುಟ್ಟಿದ ಅಣ್ಣತಮ್ಮಂದಿರಾಗಿದ್ದೂ ಬಾವಿ ನೀರಿಗೆ ಜಗಳವಾಡಿ ಬೇರೆಯಾದರು. ಈಗ ನನ್ನ ಮಕ್ಕಳಿಬ್ಬರು ಬೋರ್‌ವೆಲ್ ನೀರಿಗೆ ಕಿತ್ತಾಡುತ್ತಿದ್ದಾರೆ. ಅಪ್ಪನ ಮೂಗು ಬಂದದ್ದು ಸಾಲದೆಂದು ಹಠವೂ ಬಂದಿದೆ. ದೊಡ್ಡವನು ನೀರು ಬಿಡದೆ ಚಿಕ್ಕವನ ಹಿಪ್ಪುನೇರಳೆ ಒಣಗಿತು. ನಾಲ್ಕು ದಿನದಲ್ಲಿ ಗೂಡು ಕಟ್ಟಬೇಕಾದ ರೇಷ್ಮೆಹುಳುಗಳು ಹಸಿದಿವೆ.

ಇವತ್ತು ದೊಡ್ಡವನ ತೋಟದ ಸೊಪ್ಪನ್ನು ನಾನೇ ಕೊಯ್ದು ಹೊತ್ತುಕೊಂಡು ಹೋದೆ. ಕಿರಿಸೊಸೆ ಕವಿತ, "ಅತ್ತೆ, ಆ ಮನೆ ಸೊಪ್ಪು ತಿನ್ನೋದಕ್ಕಿಂತ ನಮ್ಮ ಹುಳ ಸಾಯ್ಲಿ" ಎಂದು ಬಾಗಿಲು ಹಾಕಿಕೊಂಡಳು. ಹೊರೆ ಹೊತ್ತು ಅಲ್ಲೇ ನಿಂತೆ. ಬಾವಿ ಜಗಳದ ವರ್ಷ ನಮ್ಮ ಹುಳಕ್ಕೆ ನೀನು ಸೊಪ್ಪು ತಂದಾಗ ನಾನು ಅಂದದ್ದೂ ಅದೇ. ಬಾಗಿಲು ಹಾಕಿದ ಮೇಲೆ ನೀನು ಎಷ್ಟು ಹೊತ್ತು ನಿಂತಿದ್ದೆಯೋ, ನಾನು ತೆಗೆದು ನೋಡಲಿಲ್ಲ.