ಮೂರನೆಯ ಗಂಡುಮರಿ

4 ಮಾರ್ಚ್, ಮಂಗಳವಾರ

ನಾಯಿಮರಿಯ ಒಸಡಿನ ರಕ್ತ ಇನ್ನೂ ನಿಂತಿಲ್ಲ. ಹಾಲುಹಲ್ಲು ಬಿದ್ದು ಮೂವತ್ತು ಗಂಟೆ. ಮೊದಲು ನೋಡಿದ್ದು ನಮ್ಮ ಯಜಮಾನರು — ನೀರಿನ ಬಟ್ಟಲು ಕೆಂಪಾಗಿತ್ತಂತೆ. ನಾಯಿ ಡಾಕ್ಟರ್ ಮಂಡಿ ಒತ್ತಿ ನೋಡಿದರು. ಊದಿದೆ. ರಕ್ತ ಹೆಪ್ಪುಗಟ್ಟದ ಕಾಯಿಲೆ ಇರಬಹುದು, ಹುಟ್ಟಿನಿಂದಲೇ ಬರುತ್ತದೆ ಎಂದರು. ಸ್ಯಾಂಪಲ್ ಲ್ಯಾಬಿಗೆ ಹೋಯಿತು.

“ಇದರ ಜೊತೆ ಹುಟ್ಟಿದ ಗಂಡುಮರಿ ಯಾವುದಾದ್ರೂ ರಕ್ತ ಹೋಗಿ ಸತ್ತಿದ್ಯಾ?”

ಇಲ್ಲ ಎಂದೆ. ಯಜಮಾನರು ಪಕ್ಕದಲ್ಲೇ ಇದ್ದರು.

5 ಮಾರ್ಚ್

ಸತ್ತಿತ್ತು. ಮೂರು ದಿನದ ಮರಿ. ಮುಂಗಾಲಿನ ಒಳಬದಿಯ ಹೆಚ್ಚುವರಿ ಉಗುರನ್ನು ನಾನೇ ಕತ್ತರಿಸಿದ್ದೆ — ಇಷ್ಟಕ್ಕೆಲ್ಲ ಡಾಕ್ಟರ್ ಯಾಕೆ ಅಂತ. ರಕ್ತ ನಿಂತ ಹಾಗೇ ಕಂಡಿತ್ತು. ಬೆಳಿಗ್ಗೆ ಹಾಸಿದ್ದ ಗೋಣಿಚೀಲವೆಲ್ಲ ರಕ್ತದಲ್ಲಿ ಒದ್ದೆ. ತಾಯಿ ಮೈಮೇಲೆ ಮಲಗಿಬಿಟ್ಟಿತು ಎಂದು ಎಲ್ಲರಿಗೂ ಹೇಳಿದೆ. ತಂಗಿಯೂ ನಂಬಿದಳು. ಮೂರು ಗಂಡಿನಲ್ಲಿ ಒಂದು ಹೋಯಿತು, ಒಂದು ಇಲ್ಲಿದೆ. ಇನ್ನೊಂದು ಅವಳ ಮನೆಯಲ್ಲಿ...

12 ಮಾರ್ಚ್, ಬುಧವಾರ

ರಿಪೋರ್ಟ್ ಬಂತು. ಅದೇ ಕಾಯಿಲೆ. ತಾಯಿಯಿಂದ ಬಂದದ್ದು, ತಾಯಿಯೇನೋ ಗುಂಡುಕಲ್ಲಿನ ಹಾಗಿದೆ, ಆದರೂ ಗಂಡುಮರಿಗಳಲ್ಲಿ ಅರ್ಧಕ್ಕೆ ಬರಬಹುದು. ರಕ್ತ ಹೆಪ್ಪುಗಟ್ಟಿಸುವ ಪ್ಲಾಸ್ಮಾ ಕೊಟ್ಟ ಮೇಲೆ ನಮ್ಮ ಮರಿ ಸುಧಾರಿಸಿದೆ.

ತಂಗಿಯ ಮನೆಯಲ್ಲಿರುವ ಆ ಮರಿಗೆ ಸೋಮವಾರ ಬೀಜ ತೆಗೆಯುವ ಆಪರೇಷನ್. ಎರಡು ಸಲ ಫೋನ್ ಕೈಗೆತ್ತಿಕೊಂಡೆ. ಎಲ್ಲಿಂದ ಶುರು ಮಾಡಲಿ... ಭಾನುವಾರದವರೆಗೆ ಸಮಯವಿದೆ.

14 ಮಾರ್ಚ್, ಶುಕ್ರವಾರ, ಮಧ್ಯಾಹ್ನ 1.10

ತಂಗಿಯೇ ಫೋನ್ ಮಾಡಿದಳು. ಸೋಮವಾರ ಅವರ ಡಾಕ್ಟರ್ ರಜೆಯಂತೆ. ಆಪರೇಷನ್ ಇವತ್ತೇ ಮುಗಿಸಿದರು, ಬೆಳಿಗ್ಗೆ ಹತ್ತಕ್ಕೆ.

“ನಿನ್ನ ಮೊಮ್ಮಗ ಮಹಾರಾಜನ ಹಾಗೆ ಮಲಗಿದಾನೆ ಕಣೇ ಅಕ್ಕ. ಒಂದು ಹನಿ ರಕ್ತ ಇಲ್ಲ.”

ಹೇಳಿದೆ. ಎಲ್ಲ — ಉಗುರು, ಸುಳ್ಳು, ರಿಪೋರ್ಟ್.

“ಬುಧವಾರಾನೇ ಗೊತ್ತಾಗಿತ್ತು ನಿಂಗೆ. ಇವತ್ತು ಶುಕ್ರವಾರ.”

3.40

ಬ್ಯಾಂಡೇಜ್ ನೆನೆದಿದೆ. ತಂಗಿಯ ಗಂಡ ತಿಳಿಸಿದರು. ಅವಳು ಫೋನ್ ತೆಗೆಯುತ್ತಿಲ್ಲ. ಹೊಟ್ಟೆಯ ಕೆಳಗೆ ನೀಲಿ ಊತ, ಒಸಡು ಬಿಳಿಚಿಕೊಂಡಿದೆ. ನಮ್ಮ ಡಾಕ್ಟರ್ ಹತ್ತಿರ ಪ್ಲಾಸ್ಮಾ ಒಂದೇ ಚೀಲ ಉಳಿದಿದೆ, ನಮ್ಮ ಮರಿಗೆಂದು ಎತ್ತಿಟ್ಟದ್ದು. ಕೊಟ್ಟುಬಿಡಿ ಎಂದೆ. ಐಸ್ ಪೆಟ್ಟಿಗೆಯಲ್ಲಿ ಹಾಕಿಸಿಕೊಂಡು ಯಜಮಾನರು ಹೊರಟರು.

ನಾಲ್ಕೂವರೆಗೆ ತಲುಪಬೇಕು. ಪ್ಲಾಸ್ಮಾ ಏರಿಸಿ, ಐದಕ್ಕೆ ಅವರ ಡಾಕ್ಟರ್ ಹೊಲಿಗೆ ಬಿಚ್ಚಿ ರಕ್ತ ಎಲ್ಲಿಂದ ಬರುತ್ತಿದೆ ನೋಡುತ್ತಾರೆ.