ಆತ್ರಿ ಎಂದವನು ಸುಳ್ಳು ಹೇಳಲಿಲ್ಲ

ಹಡಗಿನ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ವಿಚಾರಣಾ ಮಂಡಳಿಯು ಸತ್ತ ನಾವಿಕನೊಬ್ಬನನ್ನು ಸುಳ್ಳುಗಾರನೆಂದು ಬರೆದಿಟ್ಟಿದೆ. ಅವನು ಸುಳ್ಳು ಹೇಳಿರಲಿಲ್ಲ, ಕನ್ನಡ ಮಾತಾಡಿದ್ದ, ಅಷ್ಟೇ. ಇವೆರಡಕ್ಕೂ ಇರುವ ವ್ಯತ್ಯಾಸವನ್ನು ತಮ್ಮ ಗಮನಕ್ಕೆ ತರಲು ಎರಡು ಮನವಿ ಕಳಿಸಿದೆ. ಮೊದಲನೆಯದಕ್ಕೆ ಉತ್ತರವೇ ಇಲ್ಲ. ಎರಡನೆಯದಕ್ಕೆ, ಇದು ಸೇವೆಯ ಆಂತರಿಕ ಶಿಸ್ತಿನ ವಿಷಯ, ಹೊರಗಿನವರು ತಲೆಹಾಕಬಾರದು ಎಂಬ ಒಂದೂವರೆ ಸಾಲಿನ ಕಾಗದ ಬಂತು. ಆ ಅರ್ಧ ಸಾಲನ್ನು ಪೂರ್ತಿ ಮಾಡುವಷ್ಟು ಪುರುಸೊತ್ತೂ ತಮಗೆ ಇದ್ದಂತಿಲ್ಲ. ಹಾಗಾಗಿ ನಾಲ್ಕು ಜನಕ್ಕೆ ಕೇಳುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಮ್ಮ ಹೆಸರನ್ನಾಗಲಿ ಹಡಗಿನ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಹತ್ತು ವರ್ಷ ನಾವಿಕನ ಹೆಂಡತಿಯಾಗಿ ಅಷ್ಟು ಕಲಿತಿದ್ದೇನೆ.

ನಾನು ಮುಳಗುಂದದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನನ್ನ ಗಂಡ ಶಫೀಕ, ಲಕ್ಷ್ಮೇಶ್ವರದವರು, ನಿಮ್ಮ ಹಡಗಿನಲ್ಲಿ ಲೀಡಿಂಗ್ ಸೀಮನ್. ಕಳೆದ ಏಪ್ರಿಲ್‌ವರೆಗೆ ಆಗಿದ್ದರು ಎನ್ನಬೇಕು. ಓದುಗರಿಗೆ ಈ ಹುದ್ದೆ ಗೊತ್ತಿರಲಿಕ್ಕಿಲ್ಲ. ಹಡಗಿನಲ್ಲಿ ಅಧಿಕಾರಿಗಳು ಮೇಲಿರುತ್ತಾರೆ, ಸಾದಾ ನಾವಿಕರು ಕೆಳಗಿರುತ್ತಾರೆ. ಇಬ್ಬರ ನಡುವೆ, ಕೆಳಗಿನವರ ಜೊತೆಯಲ್ಲೇ ಉಂಡು ಮಲಗಿ, ಅವರನ್ನು ಎಬ್ಬಿಸಿ, ಗಡ್ಡ ಬೋಳಿಸಿದ್ದಾರೋ ಇಲ್ಲವೋ ನೋಡಿ, ಕೆಲಸ ಹಚ್ಚಿ, ತಪ್ಪಿದವನ ಹೆಸರನ್ನು ಮೇಲಕ್ಕೆ ಕೊಡುವವನು ಲೀಡಿಂಗ್ ಸೀಮನ್. ಅವನ ತೋಳಿನ ಮೇಲೆ ಒಂದು ಲಂಗರಿನ ಗುರುತು ಇರುತ್ತದೆ. ರಜೆ ಕೊಡುವ ಹಕ್ಕು ಅವನಿಗಿಲ್ಲ, ಶಿಕ್ಷೆ ಕೊಡುವ ಹಕ್ಕೂ ಇಲ್ಲ, 'ಈ ಕೆಲಸ ಇವತ್ತು ಬೇಡ' ಎನ್ನುವ ಹಕ್ಕಂತೂ ಇಲ್ಲವೇ ಇಲ್ಲ. ಅಧಿಕಾರ ಒಂದು ಚಮಚ, ಹೊಣೆ ಒಂದು ಹಂಡೆ. ಆ ಹಂಡೆಯನ್ನು ಶಫೀಕ ಆರು ವರ್ಷ ಹೊತ್ತರು.

ಕಳೆದ ಜನವರಿಯಲ್ಲಿ ಅಂಬರೀಶ ಎಂಬ ಹೊಸ ನಾವಿಕ ಹಡಗಿಗೆ ಬಂದ. ಕುರ್ತಕೋಟಿಯವನು, ಇಪ್ಪತ್ತು ವರ್ಷ, ತಂದೆಯಿಲ್ಲ. ತಾಯಿ ಮಂಜವ್ವ ಹೊಲದ ಕೂಲಿ ಮಾಡಿ ಬೆಳೆಸಿದವರು. ಅವನಿಗೆ ಹಿಂದಿ ತಡವರಿಸುತ್ತಿತ್ತು, ಇಂಗ್ಲಿಷು ಓದಲು ಬರುತ್ತಿತ್ತು, ಆಡಲು ಬರುತ್ತಿರಲಿಲ್ಲ. ಆಗ ನಿಮ್ಮ ವಿಭಾಗದ ಅಧಿಕಾರಿಯೇ ಶಫೀಕರನ್ನು ಕರೆದು, "ನಿಮ್ಮ ಊರ ಕಡೆಯವನು, ನಿಮ್ಮ ಭಾಷೆಯಲ್ಲೇ ಹೇಳಿ ತಯಾರು ಮಾಡು" ಎಂದರು. ಅಷ್ಟೇ ಅಲ್ಲ, ಮಾರ್ಚಿನ ವಾರ್ಷಿಕ ವರದಿಯಲ್ಲಿ 'ಕಿರಿಯರನ್ನು ಅವರ ಮಾತೃಭಾಷೆಯಲ್ಲಿ ತಿದ್ದುವ ಉತ್ತಮ ಮುಂದಾಳು' ಎಂದು ಬರೆದರು. ಆ ಹಾಳೆಯ ಪ್ರತಿ ನನ್ನ ಬಳಿಯಿದೆ, ಬೇಕಾದರೆ ಕಳಿಸುತ್ತೇನೆ.

ತಿದ್ದುವುದು ಎಂದರೆ ಮುದ್ದು ಮಾಡುವುದು ಎಂದುಕೊಳ್ಳಬೇಡಿ. ಒಮ್ಮೆ ಅಂಬರೀಶ ಊರು ಸುತ್ತಲು ಹೋದವನು ನಲವತ್ತು ನಿಮಿಷ ತಡವಾಗಿ ಹಡಗಿಗೆ ಮರಳಿದ. "ಅಣ್ಣಾರ, ಒಮ್ಮಿ ಬಿಟ್ಟಬಿಡ್ರಿ" ಎಂದು ಬೇಡಿಕೊಂಡನಂತೆ. ಶಫೀಕ ಬಿಡಲಿಲ್ಲ. ಹೆಸರು ಬರೆದು ಮೇಲಕ್ಕೆ ಕೊಟ್ಟರು. ಮರುದಿನ ಅಧಿಕಾರಿಯ ಮುಂದೆ ಅವನು ನಿಂತಾಗ ತಾವೂ ಪಕ್ಕದಲ್ಲಿ ನಿಂತು, "ಹೊತ್ತು ಸರಿಯಾಗಿ ತಿಳಿಸಿ ಹೇಳದ್ದು ನನ್ನ ತಪ್ಪು" ಎಂದು ತಮ್ಮ ಎರಡು ಭಾನುವಾರದ ರಜೆಯನ್ನೂ ಕಳೆದುಕೊಂಡರು. ಆ ರಜೆಯಲ್ಲಿ ಅವರು ಊರಿಗೆ ಬರುವುದಿತ್ತು. ಅಂಬರೀಶನ ಮೇಲೆ ನನಗೆ ವಾರಪೂರ್ತಿ ಸಿಟ್ಟಿತ್ತು.

ಇನ್ನು ಆ ದಿನದ ಮಾತು. ಮರುದಿನ ದೊಡ್ಡ ಸಾಹೇಬರ ತಪಾಸಣೆ. ಹಡಗಿನ ತಳದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದ ನೀರಿನ ಟಾಂಕಿಯೊಂದನ್ನು ತೆರೆದು ಒಳಗೆ ಇಳಿದು ನೋಡಬೇಕಿತ್ತು. ಅಂಥ ಟಾಂಕಿಯಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತ ಒಳಗಿನ ಗಾಳಿಯ ಜೀವವನ್ನೇ ತೆಗೆದುಬಿಟ್ಟಿರುತ್ತದೆ. ನಮ್ಮ ಕಡೆ ನೆಲದಡಿ ಜೋಳ ತುಂಬಿಡುವ ಹಗೇವಿನ ಬಾಯಿ ತೆಗೆದವರೂ ದೀಪ ಇಳಿಬಿಟ್ಟು ನೋಡದೆ ಇಳಿಯುತ್ತಿರಲಿಲ್ಲ. ನಿಮ್ಮಲ್ಲಿ ದೀಪದ ಬದಲು ಮೀಟರ್ ಇದೆ. ಅದರ ನಳಿಕೆಯನ್ನು ಮೇಲಿನಿಂದ ಇಳಿಬಿಟ್ಟು ಗಾಳಿ ಅಳೆಯಬೇಕು, ಬಾಯಿಯ ಬಳಿ ಇಬ್ಬರು ಇರಬೇಕು, ಮೇಲ್ವಿಚಾರಕ ಖುದ್ದಾಗಿ ನಿಂತಿರಬೇಕು. ಇದು ನಾನು ಹೇಳುತ್ತಿರುವುದಲ್ಲ, ನಿಮ್ಮದೇ ನಿಯಮ. ಅಂದು ಬೆಳಿಗ್ಗೆ ಅಂಬರೀಶನ ಜೊತೆ ಇರಬೇಕಿದ್ದ ಎರಡನೆಯ ನಾವಿಕನನ್ನು ಹಿತ್ತಾಳೆ ಕಂಬಿ ತಿಕ್ಕಲು ಎಳೆದುಕೊಂಡು ಹೋದರು. ಆ ತಿಕ್ಕುವವರನ್ನು ನೋಡಿಕೊಳ್ಳಲು ಶಫೀಕರನ್ನೂ ಮೇಲಿನ ಡೆಕ್ಕಿಗೆ ಕರೆಸಿಕೊಂಡರು. ಟಾಂಕಿಯ ಹತ್ತಿರ ಒಬ್ಬನೇ ಉಳಿಯುತ್ತಾನೆ ಎಂದು ಶಫೀಕ ಎರಡು ಸಲ ಹೇಳಿದರು. "ಫೋನಿದೆಯಲ್ಲ, ಫೋನಿನಲ್ಲೇ ನೋಡಿಕೋ" ಎಂಬ ಅಪ್ಪಣೆಯಾಯಿತು. ಇಬ್ಬರು ಹಾಜರಿದ್ದಾರೆ ಎಂಬ ಪರವಾನಗಿ ಚೀಟಿಗೆ ಅಧಿಕಾರಿಗಳ ಸಹಿ ಹಿಂದಿನ ದಿನವೇ ಬಿದ್ದಿತ್ತು. ನಾಳೆ ಯಾರು ಎಲ್ಲಿ ನಿಂತಿರುತ್ತಾರೆ ಎಂಬುದನ್ನು ಇವತ್ತೇ ಬಲ್ಲ ಅಧಿಕಾರಿಗಳು ನಿಮ್ಮಲ್ಲಿದ್ದಾರೆ, ಅಭಿನಂದನೆಗಳು.

ಮೇಲಿನಿಂದ ಶಫೀಕ ಫೋನಿನಲ್ಲಿ ಕೇಳಿದರು: "ಅಂಬ್ರೀಶಾ, ಗಾಳಿ ನೋಡೂದು ಆತೇನು?"

ಕೆಳಗೆ ಪಂಪು ಓಡುತ್ತಿತ್ತು. ಆ ಗದ್ದಲದಲ್ಲಿ ಅವನಿಗೆ 'ಗಾಳಿ ನೋಡು' ಎಂಬಷ್ಟೇ ಕೇಳಿಸಿರಬೇಕು.

"ಆತ್ರಿ," ಎಂದ.

"ಹಂಗಾರ ಇಳಿ."

ಅವನು ಇಳಿದ. ಮೀಟರನ್ನು ಕೈಯಲ್ಲಿ ಹಿಡಿದುಕೊಂಡೇ ಇಳಿದ. ಮತ್ತೆ ಕರೆದಾಗ ಉತ್ತರ ಬರಲಿಲ್ಲವೆಂದು ಶಫೀಕ ಓಡಿಬಂದು, ಉಸಿರಾಟದ ಉಪಕರಣ ಕಟ್ಟಿಕೊಂಡು ಕೆಳಗಿಳಿದು ಅವನನ್ನು ಹೊತ್ತು ತಂದರು. ಅಷ್ಟು ಹೊತ್ತಿಗೆ ಜೀವ ಹೋಗಿತ್ತು.

ಮಾನ್ಯರೇ, ಈಗ ನನ್ನ ಕೆಲಸದ ಮಾತಿಗೆ ಬರುತ್ತೇನೆ. ನಮ್ಮ ಗದಗ ಸೀಮೆಯಲ್ಲಿ 'ಆತು' ಎಂಬ ಮಾತಿಗೆ ಎರಡು ಅರ್ಥವಿದೆ. ಎಂಟನೇ ತರಗತಿಯವರಿಗೆ "ನಾಳಿಗೆ ಪದ್ಯಾ ಬಾಯಿಪಾಠ ಮಾಡ್ಕೊಂಡು ಬರ್ರಿ" ಎಂದರೆ ನಲವತ್ತು ಬಾಯಿ ಒಟ್ಟಿಗೆ "ಆತ್ರೀ" ಎನ್ನುತ್ತವೆ. ಮರುದಿನ "ಬಾಯಿಪಾಠ ಆತೇನು?" ಎಂದರೆ ಅದೇ ಬಾಯಿಗಳು ಅದೇ "ಆತ್ರೀ" ಎನ್ನುತ್ತವೆ. ಮೊದಲನೆಯದು ಒಪ್ಪಿಗೆ, ಮಾಡುತ್ತೇನೆ ಎಂದು. ಎರಡನೆಯದು ವರದಿ, ಮಾಡಿದ್ದೇನೆ ಎಂದು. ಯಾವುದು ಯಾವಾಗ ಎಂದು ನಾವು ಮುಖ ನೋಡಿ ತಿಳಿಯುತ್ತೇವೆ. ಅಂದು ಕೇಳಿದವರು ಮೇಲಿನ ಡೆಕ್ಕಿನಲ್ಲಿದ್ದರು, ಹೇಳಿದವನು ತಳದಲ್ಲಿದ್ದ. ಅವನು ಒಪ್ಪಿಗೆ ಕೊಟ್ಟ. ಇವರು ಅದನ್ನು ವರದಿ ಎಂದುಕೊಂಡು ಇಳಿ ಎಂದರು. ಎರಡು ವಾರವೂ ಟಾಂಕಿಯ ಕೆಲಸ ಮಾಡಿರದ ಅವನು, ಗಾಳಿ ನೋಡಲಿಕ್ಕೇ ಇಳಿಯಬೇಕೇನೋ ಎಂದು ತಿಳಿದು ಇಳಿದ. ನಳಿಕೆ ಸುತ್ತಿದ್ದು ಸುತ್ತಿದಂತೆಯೇ ಡಬ್ಬಿಯಲ್ಲಿತ್ತು ಎಂದು ನಿಮ್ಮ ವರದಿಯೇ ಹೇಳುತ್ತದೆ. ಪರೀಕ್ಷೆ ಮಾಡದೆ ಮಾಡಿದೆನೆಂದು ಸುಳ್ಳು ಹೇಳುವವನು ಆಮೇಲೆ ಮೀಟರ್ ಹಿಡಿದು ತಾನೇ ಯಾಕೆ ಇಳಿಯುತ್ತಾನೆ? ಸುಳ್ಳು ಹೇಳುವುದು ಕೆಲಸ ತಪ್ಪಿಸಿಕೊಳ್ಳಲಿಕ್ಕೆ. ಇವನು ಯಾವ ಕೆಲಸ ತಪ್ಪಿಸಿಕೊಂಡ?

ಇಷ್ಟು ಸರಳ ಪ್ರಶ್ನೆ ಮಂಡಳಿಗೆ ಹೊಳೆಯಲಿಲ್ಲ. ಮಂಡಳಿಯಲ್ಲಿ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ. ಕರೆಸಬಹುದಿತ್ತು, ಕರೆಸಲಿಲ್ಲ. ಒಬ್ಬ ಸದಸ್ಯರು ಮೊಬೈಲಿನಲ್ಲಿ ಆ ಪದ ಹಾಕಿ ನೋಡಿದರಂತೆ. 'ಮುಗಿಯಿತು' ಎಂದು ಬಂತಂತೆ. ಅಲ್ಲಿಗೆ ವಿಚಾರಣೆಯೂ ಮುಗಿಯಿತು. 'ಪರೀಕ್ಷೆ ಪೂರ್ಣಗೊಂಡಿದೆ ಎಂದು ಮೃತ ನಾವಿಕನು ಸುಳ್ಳು ವರದಿ ನೀಡಿದ್ದರಿಂದ' ಎಂಬ ಸಾಲು ಹುಟ್ಟಿದ್ದು ಹೀಗೆ.

ಆ ಸಾಲಿನಿಂದ ಎಲ್ಲರಿಗೂ ಅನುಕೂಲವಿತ್ತು, ನಮಗೂ. ಶಫೀಕರನ್ನು ಕರೆದು, "ಪರೀಕ್ಷೆ ಮುಗಿದಿದೆ ಎಂದು ಅವನು ಹೇಳಿದ, ನಾನು ನಂಬಿದೆ ಎಂದು ಸಹಿ ಹಾಕು, ಎಚ್ಚರಿಕೆ ಪತ್ರದಲ್ಲಿ ಮುಗಿಸುತ್ತೇವೆ" ಎಂದರು. ಅಂದು ಸಂಜೆ ಅವರು ನನಗೆ ಫೋನು ಮಾಡಿದರು. ನಮ್ಮ ಮನೆಯ ಮಾತು ಉರ್ದು, ಜಗಳ ಮಾತ್ರ ಕನ್ನಡದಲ್ಲಿ.

"ಸಹಿ ಮಾಡ್ರಿ. ಅಂವ ಏನ್ ಹೊಳ್ಳಿ ಬರ್ತಾನೇನು?" ಎಂದೆ.

"ಬರಂಗಿಲ್ಲ, ಅದಕ್ಕ ಮಾಡಾಂಗಿಲ್ಲ. ಇದ್ದಿದ್ರ ತಾನ ಬಂದು ಹೇಳತಿದ್ದ."

"ಗುಲ್ನಾಜಳ ಮುಖಾ ನೋಡ್ರಿ. ಆಕಿಗೆ ಏಳ ವರ್ಷ. ನಿಮಗ ಮಗಳಕಿಂತಾ ಆ ಹುಡುಗ ಹೆಚ್ಚಾದ್ನ?"

ಅವರು ಹೇಳಿದರು: "ನಸ್ರೀನ, ಅಂವ ಹೂಂ ಅಂದಾನ, ಮುಗದೈತಿ ಅಂದಿಲ್ಲ. ಹೇಳಿದ್ದನ್ನ ಹೊಳ್ಳಿ ಹೇಳಸೂದು ನನ್ನ ಕೆಲಸ ಇತ್ತು. ನಾ ಹೇಳಸ್ಲಿಲ್ಲ. ನನ್ನ ತಪ್ಪು ನನ್ನ ಹೆಸರಿಗೆ ಬರೀಲಿ. ಸತ್ತಾಂವನ ಹೆಸರಿಗೆ ಯಾಕ ಬರೀತಾರ?"

ನಾನು ಫೋನು ಇಟ್ಟುಬಿಟ್ಟೆ. ನಾಲ್ಕು ದಿನ ಅವರ ಕರೆ ತೆಗೆಯಲಿಲ್ಲ. ಐದನೆಯ ದಿನ ಕರೆ ಬಂದಾಗ ಶಿಕ್ಷೆ ಆಗಿಹೋಗಿತ್ತು. ತೊಂಬತ್ತು ದಿನ ಬಂಧನ, ಹುದ್ದೆಯಿಂದ ಇಳಿಕೆ. ಲಂಗರಿನ ಗುರುತನ್ನು ತೋಳಿನಿಂದ ಕತ್ತರಿಸಿ ತೆಗೆದರು. ಕಾರಣಗಳು ಎರಡು: ಸರಿಯಾಗಿ ಮೇಲ್ವಿಚಾರಣೆ ಮಾಡಲಿಲ್ಲ, ಮತ್ತು ಅನುಮತಿಯಿಲ್ಲದ ಭಾಷೆಯಲ್ಲಿ, ತಪ್ಪಾಗಿ ಅರ್ಥವಾಗುವಂತೆ ಆದೇಶ ಕೊಟ್ಟರು.

ಅಂದರೆ ಮಾರ್ಚಿನಲ್ಲಿ ಹೊಗಳಿಸಿಕೊಂಡ ಕನ್ನಡ ಏಪ್ರಿಲಿನಲ್ಲಿ ಅಪರಾಧವಾಯಿತು. ಹೋಗಲಿ. ಅಂಬರೀಶ ಸುಳ್ಳು ಹೇಳಿದ್ದರೆ ಶಫೀಕ ಮೋಸಹೋದವರು, ಅವರ ಆದೇಶ ತಪ್ಪಾಗಿ ಅರ್ಥವಾಯಿತು ಎಂಬ ಆರೋಪ ನಿಲ್ಲುವುದಿಲ್ಲ. ಆದೇಶ ತಪ್ಪಾಗಿ ಅರ್ಥವಾಗಿದ್ದರೆ ಅಂಬರೀಶ ಸುಳ್ಳು ಹೇಳಲಿಲ್ಲ. ನೀವು ಮಾತ್ರ ಒಂದೇ ಪದಕ್ಕೆ ಎರಡೂ ಅರ್ಥ ಹಚ್ಚಿ ಇಬ್ಬರನ್ನೂ ಹಿಡಿದಿರಿ. ಇದಕ್ಕೆ ಶ್ಲೇಷಾಲಂಕಾರ ಎನ್ನುತ್ತಾರೆ, ಹತ್ತನೇ ತರಗತಿಯಲ್ಲಿ ಕಲಿಸುತ್ತೇನೆ, ಉದಾಹರಣೆಗೆ ಕವಿಗಳನ್ನು ಹುಡುಕುವ ತಾಪತ್ರಯ ಇನ್ನು ತಪ್ಪಿತು. ಎರಡನೆಯವನನ್ನು ಕಂಬಿ ತಿಕ್ಕಲು ಕಳಿಸಿದವರು ಯಾರು? ಮೇಲ್ವಿಚಾರಕನನ್ನು ಟಾಂಕಿಯ ಬಾಯಿಂದ ಎಬ್ಬಿಸಿದವರು ಯಾರು? ಹಿಂದಿನ ದಿನವೇ ಸಹಿ ಹಾಕಿದವರು ಯಾರು? ವರದಿಯ ಇಪ್ಪತ್ತಾರು ಪುಟಗಳಲ್ಲಿ ಅವರು ಎಲ್ಲಿಯೂ ಇಲ್ಲ. ಶಿಸ್ತು ಎಂಬುದು ಮೇಲಿನಿಂದ ಕೆಳಗೆ ಇಳಿಯುತ್ತ ಬಂದು ಲೀಡಿಂಗ್ ಸೀಮನ್ನಿನ ತೋಳಿನ ಹತ್ತಿರವೇ ನಿಲ್ಲುವುದಾದರೆ, ಅವನಿಗೆ ಮುಂದಾಳು ಎಂಬ ಹೆಸರನ್ನಾದರೂ ಯಾಕೆ ಕೊಡುತ್ತೀರಿ?

ಇನ್ನೊಂದು ವಿಷಯವನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಮೇ ತಿಂಗಳಲ್ಲಿ ಮಂಜವ್ವ ನಮ್ಮ ಮನೆ ಹುಡುಕಿಕೊಂಡು ಮುಳಗುಂದಕ್ಕೆ ಬಂದರು. 'ಶಫೀಕಣ್ಣನ ಹೆಂಡತಿ ಶಾಲಿ ಅಕ್ಕಾರು' ಎಂದು ಮಗ ಹೇಳಿದ್ದನಂತೆ. ನಿಮ್ಮ ಕಚೇರಿಯಿಂದ ಬಂದ ಇಂಗ್ಲಿಷ್ ಕಾಗದ ಅವರ ಸೆರಗಿನ ಗಂಟಿನಲ್ಲಿತ್ತು. "ಓದಿ ಹೇಳ್ರಿ ಅಕ್ಕಾರ, ನನ್ನ ಮಗ ಹೆಂಗ ಹ್ವಾದ ಅಂತ ಬರದಾರೇನು?" ಎಂದರು. ನಾನು ಓದಿದೆ. ಸಂತಾಪ, ಸೇವೆ, ಶ್ರದ್ಧೆ, ಎಲ್ಲವನ್ನೂ ಕನ್ನಡ ಮಾಡಿ ಹೇಳಿದೆ. ಆ ಸಾಲು ಬಂದಾಗ ಬಿಟ್ಟುಬಿಟ್ಟೆ. ಅವರು ಕಣ್ಣೊರೆಸಿಕೊಂಡು, "ಛಲೋ ಬರದಾರ," ಎಂದು ಕಾಗದ ಮಡಚಿ ಗಂಟು ಹಾಕಿಕೊಂಡರು. ಅವರಿಗೆ ನೋವಾಗಬಾರದೆಂದು ಬಿಟ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ಖರೆ ಹೇಳಬೇಕೆಂದರೆ, ಆ ಸಾಲಿಗೆ ಸಹಿ ಹಾಕೆಂದು ಗಂಡನನ್ನು ಕಾಡಿದವಳು ಆ ತಾಯಿಯ ಮುಂದೆ ಅದನ್ನು ಓದಲಾರದೆ ಹೋದೆ.

ಈ ಪತ್ರ ಅಚ್ಚಾಗುವ ಮೊದಲು ಅವರಿಗೆ ಹೇಳಬೇಕಿತ್ತು. ಹೋದ ಭಾನುವಾರ ಕುರ್ತಕೋಟಿಗೆ ಹೋದೆ. ಎಲ್ಲವನ್ನೂ ಹೇಳಿದೆ, ನಾನು ಬಿಟ್ಟು ಓದಿದ್ದನ್ನೂ, ಗಂಡನಿಗೆ ಹೇಳಿದ ಮಾತನ್ನೂ. ಮಂಜವ್ವ ಎದ್ದರು. ಒಳಗೆ ಹೋಗಿ ಕಾಗದ ತಂದು ನನ್ನ ಮುಂದೆ ಹಾಸಿದರು.

"ಯಾವ ಸಾಲರಿ ಅದು? ತೋರ್ಸ್ರಿ."

ಬೆರಳಿಟ್ಟು ತೋರಿಸಿದೆ. ಬಗ್ಗಿ ನೋಡಿದರು.

"ಇಷ್ಟ ಸಣ್ಣದೇನು?" ಎಂದರು. ಆಮೇಲೆ, "ಇದನ್ನ ಅಳಸಾಕ ಅವರಿಗೆ ಎಷ್ಟೊತ್ತು ಬೇಕರಿ ಅಕ್ಕಾರ?"

ತಮ್ಮನ್ನು ಕೇಳಿ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೇನೆ.

ಆದ್ದರಿಂದ ಕೇಳುತ್ತಿದ್ದೇನೆ, ಮಾನ್ಯರೇ. ನನ್ನ ಗಂಡನ ಶಿಕ್ಷೆ ಕಡಿಮೆ ಮಾಡಿ ಎಂದು ಬೇಡುತ್ತಿಲ್ಲ. ಅವರ ಪಾಲಿನ ತಪ್ಪನ್ನು ಅವರು ಒಪ್ಪಿದ್ದಾರೆ, ದಿನ ಎಣಿಸಿ ಮುಗಿಸುತ್ತಾರೆ. ಕನ್ನಡ ಬಲ್ಲ ಒಬ್ಬರನ್ನು ಕೂರಿಸಿಕೊಂಡು ಆ ಪದವನ್ನು ಮತ್ತೆ ವಿಚಾರಿಸಿ. ಚೀಟಿಗೆ ಸಹಿ ಹಾಕಿದವರನ್ನೂ ಮೇಲ್ವಿಚಾರಕನನ್ನು ಕದಲಿಸಿದವರನ್ನೂ ಅದೇ ಮೇಜಿನ ಮುಂದೆ ನಿಲ್ಲಿಸಿ. 'ಸುಳ್ಳು' ಎಂಬ ಪದವನ್ನು ಅಂಬರೀಶನ ಹೆಸರಿನ ಪಕ್ಕದಿಂದ ತೆಗೆದು, ತೆಗೆದಿದ್ದೇವೆ ಎಂದು ಅವನ ತಾಯಿಗೆ ಕನ್ನಡದಲ್ಲಿ ಕಾಗದ ಬರೆಯಿರಿ. ಅವರಿಗೆ ಓದಲು ಬರುವುದಿಲ್ಲ. ನಾನೇ ಕುರ್ತಕೋಟಿಗೆ ಹೋಗಿ, ಈ ಸಲ ಒಂದು ಅಕ್ಷರವನ್ನೂ ಬಿಡದೆ ಓದಿ ಹೇಳುತ್ತೇನೆ.

ಇಂತಿ,
ಈ ಪ್ರಕರಣದಲ್ಲಿ ತಪ್ಪು ಮಾಡಿಯೂ ಶಿಕ್ಷೆಯಾಗದವರ ಪಟ್ಟಿಗೆ ಸೇರಿದ
ನಸ್ರೀನ
ಕನ್ನಡ ಶಿಕ್ಷಕಿ, ಮುಳಗುಂದ